ಹಾಜರಿ ಪುಸ್ತಕದ ಒಂಬತ್ತನೇ ಸಾಲು

ಆ ವಿಶ್ವವಿದ್ಯಾಲಯದಲ್ಲಿ ಯಾರನ್ನಾದರೂ ಒಂದು ಪ್ರಶ್ನೆ ಕೇಳಬೇಕೆಂದರೆ ಮೊದಲು ಸೀಲಕ್ಕನನ್ನು ಕೇಳಬೇಕಿತ್ತು. ಊಟ ಆಯಿತೇ ಎಂದು ಕೇಳುವುದಕ್ಕಲ್ಲ ಬಿಡಿ. ವಿದ್ಯಾರ್ಥಿಗಳ ಕೈಗೋ ನೌಕರರ ಕೈಗೋ ಅಚ್ಚು ಹಾಕಿದ ಕಾಗದ ಕೊಟ್ಟು ಸಮೀಕ್ಷೆ ಮಾಡುವುದಕ್ಕೆ. ಅದಕ್ಕೆಂದೇ ಒಂದು ಸಂಶೋಧನಾ ನೀತಿ ಸಮಿತಿ ಇತ್ತು. ಸಮಿತಿಗೆ ನಲವತ್ತು ಪುಟದ ನಿಯಮಾವಳಿ ಇತ್ತು. ಅಷ್ಟನ್ನೂ ಓದಿ ಮುಗಿಸಿದವಳು ಇಡೀ ಆವರಣದಲ್ಲಿ ಒಬ್ಬಳೇ, ಸಮಿತಿಯ ಗುಮಾಸ್ತೆ. ಅವಳ ಮೇಜಿನ ಮೇಲಿನ ತಾರೀಖಿನ ಸೀಲು ಬೀಳದೆ ಒಂದು ಹುಲ್ಲುಕಡ್ಡಿಯೂ ಅಲ್ಲಾಡುತ್ತಿರಲಿಲ್ಲವಾದ್ದರಿಂದ, ಪ್ರಾಧ್ಯಾಪಕರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರ ಬಾಯಲ್ಲೂ ಅವಳು ಸೀಲಕ್ಕನೇ.

ಅವಳ ಕಚೇರಿ ಮೆಟ್ಟಿಲ ಕೆಳಗಿನ ಒಂದು ಗೂಡು. ಒಂದು ಮೇಜು, ಒಂದು ಕಬ್ಬಿಣದ ಬೀರು, ಹಿಂದಿನ ಗೇಟಿನ ಬಳಿ ವಿದ್ಯಾರ್ಥಿಗಳು ಬೈಕು ನಿಲ್ಲಿಸುವ ವಾಹನ ನಿಲ್ದಾಣಕ್ಕೆ ತೆರೆದುಕೊಳ್ಳುವ ಒಂದು ಕಿಟಕಿ. ಗುಂಡುಸೂಜಿಗಳು ಒಂದೇ ದಿಕ್ಕಿಗೆ ಮುಖ ಮಾಡಿ ಮಲಗಿರಬೇಕು. ಕಡತದ ದಾರಗಳ ಗಂಟು ಒಂದೇ ಕಡೆಗೆ ಬರಬೇಕು. ಇಪ್ಪತ್ತಾರು ವರ್ಷದಲ್ಲಿ ಅವಳು ಒಂದು ತಾರೀಖನ್ನೂ ತಪ್ಪಾಗಿ ಒತ್ತಿರಲಿಲ್ಲ, ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದನ್ನೂ ಬಿಟ್ಟಿರಲಿಲ್ಲ. ಅವಳ ಗಂಡ ದರ್ಜಿ, ಬಾಯಿ ಸ್ವಲ್ಪ ಉದ್ದ. "ನಿನ್ನ ಕಣ್ಮುಂದೆ ಇರುವೆ ಕೂಡ ಸಾಲು ತಪ್ಪೋ ಹಾಗಿಲ್ಲ ಕಣೆ" ಎಂದು ನಗುತ್ತಿದ್ದ. ಅವಳಿಗೆ ಅದು ಹೊಗಳಿಕೆಯಾಗಿಯೇ ಕೇಳಿಸುತ್ತಿತ್ತು.

ಒಂದು ವರ್ಷ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಗ್ರಂಥಾಲಯದ ಹದಿನೇಳು ನೌಕರರ ಕೆಲಸದ ಪಾಡನ್ನು ಕುರಿತು ಸಮೀಕ್ಷೆಗೆ ಅರ್ಜಿ ಹಾಕಿದಳು. ಒಪ್ಪಿಗೆ ಸಿಕ್ಕಿತು. ಉತ್ತರ ಕೊಟ್ಟವರ ಹೆಸರು ಸಂಶೋಧಕಿಗೂ ತಿಳಿಯಕೂಡದು ಎಂಬುದು ನಿಯಮ. ಆದ್ದರಿಂದ ಪ್ರತಿಯೊಬ್ಬರಿಗೂ ಒಂದೊಂದು ಸಂಖ್ಯೆ. ಆ ಸಂಖ್ಯೆಯನ್ನು ಸಮಿತಿಯ ಗುಮಾಸ್ತೆ ಡಬ್ಬಿಯಲ್ಲಿ ಚೀಟಿ ಹಾಕಿ, ಕುಲುಕಿ, ಎತ್ತಿ ಕೊಡಬೇಕು. ಯಾವ ಹೆಸರಿಗೆ ಯಾವ ಸಂಖ್ಯೆ ಎಂಬ ಪಟ್ಟಿ ಅವಳ ಬೀರುವಿನಲ್ಲಿ ಬೀಗದೊಳಗಿರಬೇಕು.

ಸೀಲಕ್ಕ ಚೀಟಿ ಕತ್ತರಿಸಿದಳು, ಡಬ್ಬಿಗೂ ಹಾಕಿದಳು. ಮೊದಲ ಹೆಸರಿಗೆ ಹನ್ನೊಂದು ಬಂತು, ಎರಡನೆಯದಕ್ಕೆ ನಾಲ್ಕು. ಪಟ್ಟಿ ನೋಡಿದರೆ ಗುಂಡಿ ತಪ್ಪಿ ಹಾಕಿಕೊಂಡ ಅಂಗಿಯ ಹಾಗಿತ್ತು. ಅವಳ ಕಣ್ಣಿಗೆ ಅದು ಹಿಡಿಸಲಿಲ್ಲ. ಯಾರು ನೋಡುತ್ತಾರೆ, ಬೀಗದೊಳಗೆ ಇರುವುದು ತಾನೇ ಎಂದುಕೊಂಡು ಆ ಹಾಳೆ ಹರಿದು, ಗ್ರಂಥಾಲಯದ ಹಾಜರಿ ಪುಸ್ತಕದಲ್ಲಿ ಹೆಸರುಗಳು ಹೇಗಿದ್ದವೋ ಹಾಗೆಯೇ ಒಂದರಿಂದ ಹದಿನೇಳರವರೆಗೆ ಸಂಖ್ಯೆ ಕೊಟ್ಟುಬಿಟ್ಟಳು. ಚೀಟಿ ಎತ್ತಿ ಕೊಟ್ಟ ಸಂಖ್ಯೆಗಳೆಂದು ಕೆಳಗೆ ಸಹಿಯನ್ನೂ ಹಾಕಿದಳು. ಬರೆದದ್ದನ್ನು ನೋಡಿ ತೃಪ್ತಿಯೂ ಆಯಿತು. ಸೋಮಾರಿ ಗುಮಾಸ್ತೆಯಾಗಿದ್ದರೆ ಬಂದ ಚೀಟಿಗೆ ಬಂದ ಸಂಖ್ಯೆ ಬರೆದು ಕೈ ತೊಳೆದುಕೊಳ್ಳುತ್ತಿದ್ದಳು. ಅಚ್ಚುಕಟ್ಟಿನ ಹೆಂಗಸಿನಿಂದಲೇ ಆಗಬಹುದಾದ ಅನಾಹುತ ಇದು.

ಹಾಜರಿ ಪುಸ್ತಕದ ಒಂಬತ್ತನೇ ಸಾಲಿನಲ್ಲಿದ್ದವನು ಬೈಂಡರಣ್ಣ. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಮೂವತ್ತೊಂದು ವರ್ಷದಿಂದ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕುತ್ತಿದ್ದವನು. ಸದಾ ಅಂಟಿನ ವಾಸನೆ, ಹೆಬ್ಬೆರಳಲ್ಲಿ ದಬ್ಬಳದ ಗುರುತು. ಸೀಲಕ್ಕನ ಎಲ್ಲ ದಫ್ತರಗಳಿಗೂ ಅವನೇ ರಟ್ಟು ಕಟ್ಟಿಕೊಡುತ್ತಿದ್ದ; ಸಂಖ್ಯೆಗಳ ಆ ಪಟ್ಟಿ ಇದ್ದದ್ದೂ ಅವನು ಕಟ್ಟಿದ ಪುಸ್ತಕದಲ್ಲೇ. ಸಮೀಕ್ಷೆಗೆ ಅವನೊಬ್ಬ ಒಪ್ಪಿರಲಿಲ್ಲ. ಸೀಲಕ್ಕ ತಾನೇ ನೆಲಮಾಳಿಗೆಗೆ ಇಳಿದು ಹೋದಳು.

"ನನಗ್ಯಾಕಕ್ಕ ಇದೆಲ್ಲ? ಇನ್ನೆರಡು ವರ್ಷ ಸರ್ವೀಸಿದೆ. ಈ ಕೋಣೇಲೇ ತೆಪ್ಪಗೆ ಕಳೆದು ಹೋಗ್ತೀನಿ."

"ಹೆಸರಿರಲ್ಲ ಅಣ್ಣ, ಬರೀ ನಂಬರು. ಪಟ್ಟಿ ನನ್ನ ಬೀರುಲಿರುತ್ತೆ, ಬೀಗದ ಕೈ ನನ್ನ ಸೊಂಟದಲ್ಲಿರುತ್ತೆ. ಇಷ್ಟ ಇಲ್ದಿದ್ರೆ ಬೇಡ ಅನ್ನಬಹುದು, ಕಾರಣಾನೂ ಕೊಡಬೇಕಾಗಿಲ್ಲ, ನಿಯಮದಲ್ಲೇ ಇದೆ. ಆದ್ರೆ ನೀವು ಬರೀದಿದ್ರೆ ಇನ್ಯಾರು ಬರೀತಾರೆ?"

"ನೀವು ಹೇಳಿದ್ಮೇಲೆ ಆಯ್ತು ಬಿಡಿ" ಎಂದು ಅವನು ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡ. ಬರೆದದ್ದು ಎರಡೇ ಸಾಲು: ಗ್ರಂಥಪಾಲರು ವಿದ್ಯಾರ್ಥಿಗಳ ಎದುರಿಗೇ ನಮ್ಮನ್ನು ಏಕವಚನದಲ್ಲಿ ಬೈಯುತ್ತಾರೆ; ತಾವು ಮನೆ ಬದಲಿಸಿದಾಗ ನಮ್ಮಿಂದ ಸಾಮಾನು ಹೊರಿಸಿದರು.

ಮೂರು ತಿಂಗಳಿಗೆ ವರದಿ ಬಂತು. ಕೊನೆಯಲ್ಲಿ ಉತ್ತರಗಳನ್ನೆಲ್ಲ ಸಂಖ್ಯೆಯ ಸಮೇತ ಅಚ್ಚು ಹಾಕಿದ್ದರು. ನಿಯಮದಂತೆ ಒಂದು ಪ್ರತಿ ಗ್ರಂಥಪಾಲನಿಗೆ ಹೋಯಿತು. ಮರುವಾರ ಅವನು ಪ್ರತಿ ತಲುಪಿದ ರಸೀದಿ ಹಿಡಿದುಕೊಂಡು ತಾನೇ ಗೂಡಿಗೆ ಬಂದ. ದೊಡ್ಡ ಮನುಷ್ಯ ಇಷ್ಟು ಸಣ್ಣ ಕೆಲಸಕ್ಕೆ ಬಂದನಲ್ಲ ಎಂದು ಸೀಲಕ್ಕನಿಗೆ ಆಶ್ಚರ್ಯ.

"ಎಷ್ಟು ಅಚ್ಚುಕಟ್ಟಮ್ಮ ನಿಮ್ಮ ಕೆಲಸ! ಒಂದನೇ ಉತ್ತರ ಓದ್ತೀನಿ, ನಾನೇ ಬರೆದಿದ್ದು. ಎರಡನೇದು ನಮ್ಮ ಡೆಪ್ಯುಟಿದು. ಥೇಟ್ ಹಾಜರಿ ಪುಸ್ತಕದ ಹಾಗೇ" ಎಂದು ನಕ್ಕು ಹೋದ.

ಸೀಲಕ್ಕ ರಸೀದಿ ಕೈಯಲ್ಲಿ ಹಿಡಿದೇ ಕಿಟಕಿಯಾಚೆ ನೋಡಿದಳು. ವಾಹನ ನಿಲ್ದಾಣದ ತಗಡಿನ ಚಪ್ಪರದ ಕೆಳಗೆ, ಟೋಕನ್ ಕೊಡುವವನ ಸ್ಟೂಲಿನ ಮೇಲೆ ಬೈಂಡರಣ್ಣ ಕೂತಿದ್ದ. ಕೈಗಳನ್ನು ಎಲ್ಲಿಡಬೇಕೆಂದು ಗೊತ್ತಿಲ್ಲದವನ ಹಾಗೆ ಮಂಡಿಯ ಮೇಲೆ ಇಟ್ಟುಕೊಂಡಿದ್ದ.

ಓಡಿಹೋದಳು. "ಇವತ್ತು ಬೆಳಿಗ್ಗೆ ಆರ್ಡರ್ ಬಂತಕ್ಕ, ಇನ್ಮೇಲೆ ನಂದು ಇಲ್ಲೇ ಡ್ಯೂಟಿ, ಆಡಳಿತದ ಕಾರಣ ಅಂತೆ" ಎಂದ ಅವನು. "ನನ್ನ ಕೈಬರಹಾನೇ ನನ್ನ ಹಿಡ್ಕೊಟ್ಟಿತು. ಆ ಹುಡುಗಿ ಎಲ್ಲೋ ಕಾಗದ ಬಿಟ್ಟಿರ್ಬೇಕು, ಅವ್ರು ನೋಡಿರ್ಬೇಕು. ಅವಳಿಗೇನೂ ಅನ್ಬೇಡಿ, ಪಾಪ. ತಪ್ಪು ನಂದೇ, ಬಾಯಿ ಮುಚ್ಕೊಂಡಿರ್ಬೇಕಿತ್ತು."

ಆಗ ಹೇಳಬೇಕಿತ್ತು. ಬಾಯಿ ತೆರೆದಳು ಕೂಡ. "ಬಿಸಿಲು ಜಾಸ್ತಿ ಇಲ್ಲಿ" ಎಂದು ಹೇಳಿ ಬಂದುಬಿಟ್ಟಳು.

ನಿಯಮ ಅವಳಿಗೆ ಬಾಯಿಪಾಠ. ಉತ್ತರ ಕೊಟ್ಟ ಕಾರಣಕ್ಕೆ ಯಾರಿಗಾದರೂ ತೊಂದರೆಯಾದರೆ, ಗೊತ್ತಿದ್ದವರು ಏಳು ದಿನದೊಳಗೆ ಸಮಿತಿಗೆ ಬರೆಯಬೇಕು. ಬರೆದರೆ ವರ್ಗಾವಣೆ ಅಲ್ಲಿಗೇ ನಿಲ್ಲುತ್ತದೆ, ವಿಚಾರಣೆ ಮುಗಿಯುವವರೆಗೆ ನೆಲಮಾಳಿಗೆ ಬೈಂಡರಣ್ಣನದೇ. ಏಳು ದಿನ ದಾಟಿದರೆ ಆದೇಶ ಕಾಯಂ. ಗೊತ್ತಿದ್ದವಳು ಅವಳೊಬ್ಬಳೇ. ಆದರೆ ಬರೆಯುವುದೆಂದರೆ, ಚೀಟಿ ಎತ್ತದೆ ಎತ್ತಿದೆನೆಂದು ಸಹಿ ಹಾಕಿದ್ದೇನೆ ಎಂದು ಬರೆಯಬೇಕು. ಇಪ್ಪತ್ತಾರು ವರ್ಷದ ಹೆಸರು ಒಂದೇ ಹಾಳೆಯಲ್ಲಿ ಮಣ್ಣುಪಾಲು.

ನಾಳೆ ಬರೆದರಾಯಿತು ಎಂದುಕೊಂಡಳು. ನಾಳೆ ಬಂತು, ಅದರ ನಾಳೆಯೂ ಬಂತು. ಕಿಟಕಿ ಮುಚ್ಚಿಟ್ಟಳು, ಸೆಕೆ ತಡೆಯಲಾರದೆ ತೆರೆದಳು. ಸಮಿತಿಯ ಅಧ್ಯಕ್ಷರು ಯಾವುದೋ ಹಳೆಯ ಕಡತ ಕೇಳಲು ಕರೆದರೂ ಬೀರುವಿನ ಬೀಗವನ್ನು ಎರಡು ಸಲ ಎಳೆದು ನೋಡಿಯೇ ಹೋಗುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ಆಗಿಬಿಟ್ಟಳು. ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡೇ ಕೇಳಿದ, ಒಮ್ಮೆಯೂ ನಗಲಿಲ್ಲ. "ಬಟ್ಟೆ ತಪ್ಪಾಗಿ ಕತ್ತರಿಸಿದ್ರೆ ನಾನು ಗಿರಾಕಿ ಬರೋಕ್ಮುಂಚೆ ಹೇಳ್ಬಿಡ್ತೀನಿ ಕಣೆ. ಹೊಲಿದು ಕೊಟ್ಟ ಮೇಲೆ ಹೇಳಿದ್ರೆ ಅವನಿಗೆ ಏನು ಬಂತು?" ಎಂದ.

ಎಂಟನೆಯ ದಿನ ನೆಲಮಾಳಿಗೆಯಿಂದ ಪುಸ್ತಕ ಒತ್ತುವ ಮರದ ಯಂತ್ರವನ್ನು ನಾಲ್ಕು ಜನ ಹೊತ್ತು ತಂದು ಜಗಲಿಯಲ್ಲಿ ಇಟ್ಟರು. ಆ ಕೋಣೆಗೆ ಜೆರಾಕ್ಸ್ ಯಂತ್ರ ಬಂತು. ಬೈಂಡರಣ್ಣ ಟೋಕನ್ ಚೀಲ ಕೈಯಲ್ಲಿ ಹಿಡಿದೇ ಎದ್ದು ಬಂದು, ಯಂತ್ರದ ಮೇಲಿನ ದೂಳನ್ನು ಅಂಗೈಯಲ್ಲಿ ಒರೆಸಿ, ಮತ್ತೆ ಹೋಗಿ ಕೂತ. ಕಿಟಕಿಯಿಂದ ಅದನ್ನು ನೋಡಿದ ಸೀಲಕ್ಕ ಅಂದು ಬುತ್ತಿ ಬಿಚ್ಚದೆ ಮನೆಗೆ ವಾಪಸು ಒಯ್ದಳು.

ಹನ್ನೊಂದನೆಯ ದಿನ ಬರೆದಳು. ಎಲ್ಲವನ್ನೂ ಬರೆದಳು. ಸಹಿ ಹಾಕಿ ಸೀಲು ಕೈಗೆತ್ತಿಕೊಂಡಾಗ ಒಂದು ಯೋಚನೆ ಬಂತು. ಸೀಲಿನ ಪುಟ್ಟ ಚಕ್ರವನ್ನು ಐದು ಹಲ್ಲು ಹಿಂದಕ್ಕೆ ತಿರುಗಿಸಿದರೆ ಅರ್ಜಿ ಆರನೆಯ ದಿನವೇ ಬಂದಂತೆ. ಆದೇಶ ಬಿದ್ದುಹೋಗುತ್ತದೆ. ಕೇಳುವವರು ಯಾರು? ತಿರುಗಿಸಿದಳು. ರದ್ದಿ ಕಾಗದದ ಮೇಲೆ ಒತ್ತಿಯೂ ನೋಡಿದಳು. ಆಮೇಲೆ ಚಕ್ರವನ್ನು ಮೊದಲಿನ ಜಾಗಕ್ಕೇ ತಂದು, ಅರ್ಜಿಯ ಮೇಲೆ ಆ ದಿನದ ತಾರೀಖನ್ನೇ ಒತ್ತಿದಳು.

ಇದನ್ನು ಪ್ರಾಮಾಣಿಕತೆ ಎಂದು ಯಾರಾದರೂ ಹೇಳಿದರೆ ಅವಳೇ ಒಪ್ಪುವುದಿಲ್ಲ. ತಪ್ಪು ತಾರೀಖು ಒತ್ತದ ಕೈ ಎಂಬ ಹೆಮ್ಮೆಯೊಂದು ಉಳಿದಿತ್ತು, ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ, ಅಷ್ಟೇ. ಸಾಲು ನೆಟ್ಟಗಿರಲೆಂದು ಒಮ್ಮೆ ಬೈಂಡರಣ್ಣನನ್ನು ಹಿಡಿದುಕೊಟ್ಟಳು, ಸೀಲು ನೆಟ್ಟಗಿರಲೆಂದು ಇನ್ನೊಮ್ಮೆ ಕೈಬಿಟ್ಟಳು.

ಅಧ್ಯಕ್ಷರು ಓದಿ ಕನ್ನಡಕ ತೆಗೆದರು. "ನಾಲ್ಕು ದಿನ ಮುಂಚೆ ಕೊಟ್ಟಿದ್ರೆ ನಿಲ್ಲಿಸಬಹುದಿತ್ತಮ್ಮ" ಎಂದರು. ಗ್ರಂಥಪಾಲನಿಗೆ ಒಂದು ಪತ್ರ ಹೋಯಿತು, ಅವನಿಂದ ಒಂದು ಉತ್ತರ ಬಂತು, ಎರಡೂ ಕಡತ ಸೇರಿದವು. ಸೀಲಕ್ಕನಿಗೆ ಸಿಕ್ಕಿದ್ದು ಒಂದು ಬಾಯಿಮಾತಿನ ಎಚ್ಚರಿಕೆ. ಕೆಲಸದಿಂದ ತೆಗೆದಿದ್ದರೆ ಹಗುರವಾಗುತ್ತಿತ್ತೋ ಏನೋ.

ಆ ಸಂಜೆ ನಿಲ್ದಾಣಕ್ಕೆ ಹೋಗಿ ಬೈಂಡರಣ್ಣನ ಮುಂದೆ ನಿಂತು ಒಂದೇ ಉಸಿರಿಗೆ ಹೇಳಿದಳು. ಅವನು ಟೋಕನ್ ಚೀಲ ಮಂಡಿಯ ಮೇಲಿಟ್ಟುಕೊಂಡು ಕೇಳಿದ. ಮಧ್ಯೆ ಒಬ್ಬ ವಿದ್ಯಾರ್ಥಿ ಬಂದ; ಚೀಲಕ್ಕೆ ಕೈ ಹಾಕಿ ಸಿಕ್ಕಿದ ಟೋಕನ್ ಕೊಟ್ಟು ಕಳಿಸಿದ.

"ಹಾಗಾದ್ರೆ ಕೈಬರಹ ಅಲ್ವಾ?" ಎಂದ ಕೊನೆಗೆ. "ಮನೇಲಿ ಅವಳು ದಿನಾ ಬೈತಾಳೆ, ನಿಮ್ಮ ಅಕ್ಷರ ಊರಿಗೆಲ್ಲ ಗೊತ್ತು, ಯಾಕೆ ಬರೆದ್ರಿ ಅಂತ. ನಾನೂ ಹೌದು ಅಂದ್ಕೊಂಡು ಬೈಸ್ಕೋತಿದ್ದೆ." ಆಮೇಲೆ, "ನೀವು ಅವತ್ತೇ ಬಂದಿದ್ರಲ್ಲಕ್ಕ ಇಲ್ಲಿಗೆ. ಬಿಸಿಲು ಜಾಸ್ತಿ ಅಂದ್ರಿ" ಎಂದ.

ಸೀಲಕ್ಕನಿಗೆ ಕಣ್ಣೀರು ಬಂತು, ಅದನ್ನೂ ಅವನ ಮುಂದೆ ಸುರಿಸುವ ಯೋಗ್ಯತೆ ತನಗಿಲ್ಲವೆನ್ನಿಸಿ ಸೆರಗಿನಲ್ಲಿ ಒರೆಸಿಕೊಂಡು ಹೊರಟಳು.

ಮುಂದಿನ ವರ್ಷ ಕಾವಲುಗಾರರು ಮತ್ತು ವಾಹನ ನಿಲ್ದಾಣದವರ ಮೇಲೆ ಒಂದು ಸಮೀಕ್ಷೆ ಬಂತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಸೀಲಕ್ಕ ಈಗ ಡಬ್ಬಿಯನ್ನು ಮೂರು ಸಲ ಕುಲುಕುತ್ತಿದ್ದಳು, ಚೀಟಿಯನ್ನು ಅವರವರ ಕೈಯಲ್ಲೇ ಎತ್ತಿಸುತ್ತಿದ್ದಳು. ಎಲ್ಲರದೂ ಮುಗಿದ ಮೇಲೆ ತಗಡಿನ ಚಪ್ಪರದ ಕಡೆಗೆ ನಡೆದಳು. ಬೈಂಡರಣ್ಣ ಎದ್ದು ಸ್ಟೂಲು ಒರೆಸಿ ಅವಳಿಗೆ ಕೊಟ್ಟ. ನಿವೃತ್ತಿಗೆ ಇನ್ನು ಏಳು ತಿಂಗಳಿತ್ತು. ಹೆಬ್ಬೆರಳಿನ ದಬ್ಬಳದ ಗುರುತು ಮಾಸಿತ್ತು.

ಅವಳು ಒಪ್ಪಿಗೆ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಡಬ್ಬಿ ಮುಂದೆ ಹಿಡಿದಳು.

"ಬೇಡ ಅಕ್ಕ" ಎಂದ ಅವನು, ಮೆಲ್ಲಗೆ, ಸಿಟ್ಟಿಲ್ಲದೆ. "ಕಾರಣ ಕೊಡಬೇಕಾಗಿಲ್ಲ ಅಂತ ಇದ್ಯಲ್ಲ. ನೀವೇ ಹೇಳಿದ್ರಿ."

"ಹೌದಣ್ಣ. ಇದೆ" ಎಂದಳು ಸೀಲಕ್ಕ.

ಗೂಡಿಗೆ ಬಂದು ಅವನು ಕಟ್ಟಿಕೊಟ್ಟ ಪುಸ್ತಕ ತೆರೆದು, ಅವನ ಹೆಸರಿನ ಮುಂದೆ 'ಒಪ್ಪಲಿಲ್ಲ' ಎಂದು ಬರೆದಳು. ಪಕ್ಕದ ಕಾಲಂನಲ್ಲಿ, ನಿಯಮ ಹೇಳಿದಂತೆ, 'ಕಾರಣ ಕೇಳಿಲ್ಲ' ಎಂದು ಬರೆದು, ಆ ದಿನದ ತಾರೀಖು ಒತ್ತಿದಳು.