ಹೊಕ್ಕೀನಿ ಅಂದಾಕಿ

ನನ್ನ ಅತ್ತೆಗೆ ಕೀರ್ತನೆಯ ಕೊನೆಯ ಸಾಲು ಎಳೆಯುವ ಚಟ. ಚರ್ಚಿನಲ್ಲಿ ಎಲ್ಲರೂ ಹಾಡಿ ಮುಗಿಸಿ ಪುಸ್ತಕ ಮಡಚಿದರೂ ಅವರೊಬ್ಬರ ‘ಆಮೆನ್’ ಇನ್ನೂ ದಾರಿಯಲ್ಲೇ ಇರುತ್ತಿತ್ತು. ಮದುವೆಯಾಗಿ ನರೇಗಲ್ಲಿಗೆ ಬಂದ ಹೊಸತರಲ್ಲಿ ಇದನ್ನು ಭಕ್ತಿ ಎಂದುಕೊಂಡಿದ್ದೆ. ಹಟ ಎಂದು ತಿಳಿಯಲು ಒಂದು ವರ್ಷ ಬೇಕಾಯಿತು.

ಈ ಹಟದಿಂದಲೇ ಅವರು ಜೀವದ ಗೆಳತಿಯನ್ನು ಕಳೆದುಕೊಂಡಿದ್ದರು. ಮೊದಲು ಅವರ ಸಂಸಾರ ಗಜೇಂದ್ರಗಡದಲ್ಲಿತ್ತು. ಚರ್ಚಿಗೆ ಬರುವ ನಾಲ್ಕಾರು ಮನೆಗಳಲ್ಲಿ ಪಕ್ಕದ ಮನೆಯೂ ಒಂದು. ಆ ಮನೆಯ ಗೆಳತಿಯೂ ಅತ್ತೆಯೂ ಒಂದೇ ಚಾಪೆಯ ಮೇಲೆ ಕೂತು ಹಾಡುವವರು. ಒಂದು ಭಾನುವಾರ ಆ ಗೆಳತಿ ಎಲ್ಲರೆದುರು, “ಲಗೂ ಮುಗಸ ಮಾರಾಯ್ತಿ, ಮನ್ಯಾಗ ಬ್ಯಾಳಿ ತಳಾ ಹತ್ತತದ” ಎಂದುಬಿಟ್ಟರು. ಜನ ನಕ್ಕರು. ಅತ್ತೆ ಎದ್ದು, “ಹೊಕ್ಕೀನಿ” ಎಂದು ಹೊರಟೇಹೋದರು.

ನಮ್ಮ ಕಡೆ ಎದ್ದು ಹೋಗುವವರು ‘ಬರ್ತೀನಿ’ ಎನ್ನಬೇಕು. ‘ಹೊಕ್ಕೀನಿ’, ಅಂದರೆ ಹೋಗುತ್ತೇನೆ, ಎಂದುಬಿಟ್ಟರೆ ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದಂತೆ. ಸಿಟ್ಟು ಇಳಿದ ಮೇಲೆ ತಿದ್ದಿಕೊಳ್ಳಬಹುದಿತ್ತು. ಆದರೆ ಅದೇ ವಾರ ಮಾವನವರಿಗೆ ನರೇಗಲ್ಲಿಗೆ ವರ್ಗವಾಯಿತು. ಆ ಮಾತು ಹದಿನೆಂಟು ವರ್ಷ ಹಾಗೇ ಉಳಿಯಿತು.

ಒಂದು ದಿನ ಗಜೇಂದ್ರಗಡದ ಕಡೆಯಿಂದ ಬಂದ ಪಾದ್ರಿಯವರು ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ, “ಅಲ್ಲಿ ನಿಮ್ಮ ಬಾಜೂಮನಿ ಅಮ್ಮಾರು ಈಗ ಭಾಳ ಹಣ್ಣಾಗ್ಯಾರ್ರಿ. ಹೋದಾಗೊಮ್ಮೆ ಕೇಳ್ತಾರ, ಹೊಕ್ಕೀನಿ ಅಂದಾಕಿ ಬಂದಳೇನು ಅಂತ” ಎಂದರು.

“ಇನ್ನೂ ಹಂಗಸ್ತಾಳ ನೋಡ ನನ್ನ!” ಎಂದು ಅತ್ತೆ ಎರಡು ದಿನ ಉರಿದರು. ಮೂರನೆಯ ದಿನ ಶೇಂಗಾ ಉಂಡಿ ಕಟ್ಟಲು ಕೂತರು. ಯಾರಿಗೆ ಎಂದು ಕೇಳುವಷ್ಟು ದಡ್ಡಿ ನಾನಲ್ಲ. ಅವರೇ ತಲೆ ಎತ್ತದೆ, “ಆಕಿ ಸತ್ತ ಮ್ಯಾಲೆ ಹೋಗಿ ಯಾರಿಗೆ ಮಾತಾಡಸ್ಲಿ?” ಎಂದರು.

ಮರುದಿನ ಇಬ್ಬರೂ ಮೋಟಾರು ಹತ್ತಿದೆವು. ಗಜೇಂದ್ರಗಡದ ಆ ಮನೆಯ ಬಾಗಿಲಲ್ಲಿದ್ದ ಮುದುಕಿ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿ, “ಬರ್ರಿ, ಕೂಡ್ರಿ” ಎಂದರು.

ಅತ್ತೆಯ ಮುಖ ಸಪ್ಪಗಾಯಿತು. ಗುರುತು ಸಿಗದಿದ್ದರೆ ಬೇರೆ ಮಾತು. ಗುರುತು ಸಿಕ್ಕಿತ್ತು, ಸಿಕ್ಕಿಯೇ ಆ ‘ರಿ’ ಬಂದಿತ್ತು. ಏಕವಚನದಲ್ಲಿ ಬೈಯುತ್ತಿದ್ದ ಬಾಯಿ ಈಗ ಬೀಗಿತ್ತಿಯನ್ನು ಕರೆದಂತೆ ಕರೆದಿತ್ತು. ಅತ್ತೆಯೇನು ಕಡಿಮೆಯೇ?

“ಅರಾಮ ಅದೀರೇನ್ರಿ?”

“ಹೌದ್ರಿ.”

“ಉಂಡಿ ತಗೋರಿ.”

“ಹಲ್ಲ ಇಲ್ರಿ. ನೀವ ತಗೋರಿ.”

“ನನಗೂ ಇಲ್ರಿ.”

ಹೀಗೆ ಎರಡು ತಾಸು ಒಬ್ಬರಿಗೊಬ್ಬರು ಮರ್ಯಾದೆಯಿಂದ ಹೊಡೆದಾಡಿದರು. ಹಲ್ಲಿದ್ದ ನಾನು ಮೂರು ಉಂಡಿ ತಿಂದೆ. ಕೊನೆಗೆ ಅತ್ತೆ ಎದ್ದು, ಒಂದೊಂದೇ ಅಕ್ಷರ ಬಿಡಿಸಿ, “ಬರ್ತೀನ್ರಿ” ಎಂದರು. ಮುದುಕಿ ಬರೀ ತಲೆಯಾಡಿಸಿದರು. ನನಗೆ ಕೆಡುಕೆನಿಸಿತು.

ದಾರಿಯಲ್ಲಿ ಅತ್ತೆ ಮೂರು ಸಲ ನಿಂತು ಚಪ್ಪಲಿ ಸರಿಮಾಡಿಕೊಂಡರು. ಸಂತೆಗೆ ಹೊರಟರೆ ನನ್ನನ್ನು ಓಡಿಸುವ ಹೆಂಗಸು! ನಾವು ಮೂಲೆ ತಿರುಗುವಾಗ ನಮ್ಮೂರಿನ ಮೋಟಾರು ಹೊರಟಿತ್ತು. ನಿಲ್ಲಿಸಲೆಂದು ಕೈ ಎತ್ತಿದೆ. ಅತ್ತೆ ನನ್ನ ಕೈ ಹಿಡಿದು ಕೆಳಗಿಳಿಸಿದರು.

“ಸುಮ್ನಿರು. ಬರ್ತೀನಿ ಅಂದ ಬಂದೀನಿ.”

ಮತ್ತೆ ಆ ಮನೆಗೇ ಬಂದೆವು. ಮುದುಕಿ ಇನ್ನೂ ಬಾಗಿಲಲ್ಲೇ ಇದ್ದರು. ಅತ್ತೆಯನ್ನು ನೋಡಿ ಹೊಸ್ತಿಲು ದಾಟಿ ಬಂದರು.

“ಬಂದಿ ಏನ?”

ರಿ ಇರಲಿಲ್ಲ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನನ್ನ ಕಣ್ಣಲ್ಲೂ ನೀರು ಬಂತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಆ ಸಂಜೆ ಪ್ರಾರ್ಥನೆಗೆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತರು. ಕೀರ್ತನೆ ಮುಗಿಯುತ್ತ ಬಂದಾಗ ಅತ್ತೆ, ಜೀವಮಾನದಲ್ಲಿ ಮೊದಲ ಸಲ, ಎಲ್ಲರ ಜೊತೆಗೇ ನಿಲ್ಲಿಸಲು ನೋಡಿದರು. ಮುದುಕಿ ಮೊಣಕೈಯಿಂದ ತಿವಿದರು.

“ಎಳಿ ಮಾರಾಯ್ತಿ. ಇವತ್ತ ಬ್ಯಾಳಿ ಇಟ್ಟಿಲ್ಲ.”