ಆಕೆಯ ಹೋಳಿಗೆಗೆ ನನ್ನ ಎಂಡಾರ್ಸು

ಸುಲ್ತಾನ್ ಬಜಾರಿನ ನಮ್ಮ ಮಹಿಳಾ ಮಂಡಳಿಯಲ್ಲಿ ಒಂದು ರೂಢಿ ಇದೆ. ಹಬ್ಬದ ಅಡುಗೆಯ ಯಜಮಾನಿಕೆ ನನಗೆ ಬೇಕೆಂದು ಯಾರೂ ತಾವಾಗಿ ಬಾಯಿ ಬಿಡುವಂತಿಲ್ಲ. ಇನ್ನೊಬ್ಬಾಕೆ ಹೆಸರು ಹೇಳಬೇಕು, ಮತ್ತೊಬ್ಬಾಕೆ ಹೂಂ ಅನ್ನಬೇಕು. ಈ ಯುಗಾದಿಯ ಹೋಳಿಗೆ ನನ್ನ ಕೈಗೇ ಬರುತ್ತದೆಂದು ಸುಮ್ಮನೆ ಕಾದಿದ್ದೆ. ಯಾರೋ ಉಪ್ಪಲ್ ಬಡಾವಣೆಯಿಂದ ಬರುವಾಕೆಯ ಹೆಸರು ಹಾಕಿಬಿಟ್ಟರು. ಮಂಡಳಿಗೆ ಬಂದು ಇನ್ನೂ ವರ್ಷ ತುಂಬಿಲ್ಲ! ಮೆಟ್ರೋದಲ್ಲಿ ನಿಂತು ಬಂದರೂ ಸೀರೆಯ ಮಡಿಕೆ ಕೆಡದ ಹೆಂಗಸು.

ನಮ್ಮ ಅಧ್ಯಕ್ಷೆ ರಿಟೈರಾದ ಇಂಗ್ಲಿಷ್ ಟೀಚರು. ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರು, ‘ಇವರನ್ನು ಯಾರು ಎಂಡಾರ್ಸ್ ಮಾಡುತ್ತೀರಿ?’

ಕೊಂಡಾಪುರದ ಆಫೀಸಿನಿಂದ ಬಂದು ಚಹಾ ಕುಡಿಯುತ್ತಿದ್ದ ಮೊಮ್ಮಗಳಿಗೆ ಫೋನು ತೋರಿಸಿದೆ.

“ಹಂಗಂದ್ರ ಏನವಾ? ಲೈಕ್ ಒತ್ತಿದಂಗ?”

“ಅಲ್ಲಜ್ಜಿ. ಲೈಕ್ ಅಂದ್ರ ಚಲೋ ಐತಿ ಅಂದಂಗ, ಅಷ್ಟ. ಎಂಡಾರ್ಸ್ ಅಂದ್ರ ನಾಕು ಮಂದಿ ಮುಂದ ನಿನ್ನ ಹೆಸರಿಟ್ಟು, ಇವರ ಹಿಂದ ನಾ ಅದೀನಿ, ನಂಬ್ರಿ ಅನ್ನೂದು. ಮನಿಯಾಗ ಹರಟಿ ಹೊಡಿಯೋವಾಗ ಯಾರೂ ಅನ್ನಂಗಿಲ್ಲ. ಮೀಟಿಂಗಿನ್ಯಾಗ, ಕಾಗದದಾಗ ಅಂತಾರ.”

“ನನ್ನ ನಾನ ಎಂಡಾರ್ಸ್ ಮಾಡ್ಕೋಬಹುದೇನು?”

“ಅದಕ್ಕ ಜಂಬ ಅಂತಾರಜ್ಜಿ.”

ಅಷ್ಟರಲ್ಲಿ ಉಪ್ಪಲ್‌ನಾಕೆಯದೇ ಫೋನು. “ಅಕ್ಕಾರ, ನೀವು ಹಿರ್ಯಾರು. ನೀವೊಂದು ಮಾತು ಬರದ್ರ ಯಾರೂ ಇಲ್ಲ ಅನ್ನಂಗಿಲ್ರಿ.”

ಹಿರಿಯಳು ಎಂದದ್ದು ಸಿಹಿಯಾಯಿತು. ಆಕೆಯೇ ಮಾಡಲಿ, ಹೋಳಿಗೆ ಹರಿಯಲಿ, ಎಲ್ಲರೂ ನೋಡಲಿ ಎಂಬ ಆಸೆಯೂ ಒಳಗಿತ್ತು. ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಬರೆದೆ: ‘ನಾನು ಎಂಡಾರ್ಸ್ ಮಾಡಿದೆ.’ ಕೆಳಗೆ ಹೆಸರು.

ಮೊಮ್ಮಗಳು ನಕ್ಕಳು. “ಮುಗೀತು. ಇನ್ನ ಹೋಳಿಗಿ ಹರದ್ರ ಆಕೀ ಜೋಡಿ ನಿನ್ನ ಮರ್ಯಾದಿನೂ ಹರೀತೈತಿ.”

ಇದನ್ನು ಮೊದಲೇ ಹೇಳಬಾರದೇ!

ಹಬ್ಬದ ಬೆಳಿಗ್ಗೆ ಮಂಡಳಿಯ ಅಡುಗೆಮನೆಗೆ ಹೋದವಳೇ ಕಣಕ ಮುಟ್ಟಿ ನೋಡಿದೆ. ಬಿಗಿಯಾಗಿತ್ತು. ಹೂರಣವೋ ಬೆಣ್ಣೆಯಂತೆ ಮೆತ್ತಗೆ. ಲಟ್ಟಿಸಿದರೆ ಹೊರಗೆ ಬರುವುದು ಖಂಡಿತ. ಸುಮ್ಮನೆ ಕೂತಿದ್ದರೆ ನನ್ನ ಆಸೆ ಕೈಗೂಡುತ್ತಿತ್ತು. ಆದರೆ ಗ್ರೂಪಿನಲ್ಲಿ ನನ್ನ ಹೆಸರು ಕೂತಿದೆಯಲ್ಲ.

“ಸರೀ ಅತ್ಲಾಗ,” ಎಂದೆ. “ಇದೇನು ಹೋಳಿಗಿ ಕಣಕೋ, ಗ್ವಾಡಿಗೆ ಮೆತ್ತೋ ಸಿಮೆಂಟೋ?”

“ನೋಡ್ರಿ ಅಕ್ಕಾರ, ನೀವ ಕಾಪಾಡಬೇಕು,” ಎಂದು ಉಪ್ಪಲ್‌ನಾಕೆ ಒರಳು ತಂದಿಟ್ಟಳು.

ಎಣ್ಣೆ ಬಿಟ್ಟು ಕುಟ್ಟಿದೆ. ಎಳೆದರೆ ರಬ್ಬರಿನಂತೆ ಬರುವವರೆಗೆ ಬಿಡಲಿಲ್ಲ. ಒಂದು ಹೋಳಿಗೆಯೂ ಹರಿಯಲಿಲ್ಲ.

ಪಂಕ್ತಿಯಲ್ಲಿ ಎಲ್ಲರ ಬಾಯಲ್ಲೂ ಆಕೆಯದೇ ಹೊಗಳಿಕೆ. ಆಕೆ ಸೆರಗು ಸರಿಮಾಡಿಕೊಂಡು ತುಪ್ಪ ಬಡಿಸುತ್ತಿದ್ದಳು. ನನ್ನ ರಟ್ಟೆ ಸೇದುತ್ತಿತ್ತು. ಯಾರೊಬ್ಬರೂ ನನ್ನ ಕಡೆ ನೋಡಲಿಲ್ಲ.

“ಮುಂದಿನ ವರ್ಷಾನೂ ಇವರ ಇರಲಿ,” ಎಂದರು ಅಧ್ಯಕ್ಷೆ. “ಯಾರು ಎಂಡಾರ್ಸ್ ಮಾಡ್ತೀರಿ?”

ಆಕೆ ತುಪ್ಪದ ಗಿಂಡಿ ಹಿಡಿದು ನನ್ನತ್ತಲೇ ತಿರುಗಿದಳು. ನಾನು ಇಡೀ ಹೋಳಿಗೆಯೊಂದನ್ನು ಮಡಚಿ ಬಾಯಿಗೆ ತುರುಕಿಕೊಂಡೆ.