ಇಡ್ಲಿ ತಟ್ಟೆಯಲ್ಲಿ ಉಳಿದ ಪಿನ್ನು

ನಮ್ಮ ಗ್ಯಾರೇಜಿನಲ್ಲಿ ನಾಲ್ಕು ಇಡ್ಲಿ ತಟ್ಟೆಗಳಿವೆ. ಅವುಗಳಲ್ಲಿ ಇಡ್ಲಿ ಬೆಂದು ಹತ್ತು ವರ್ಷದ ಮೇಲಾಯಿತು. ಗಾಡಿಯಿಂದ ಬಿಚ್ಚಿದ ನಟ್ಟು, ಬೋಲ್ಟು, ವಾಷರ್ ಏನೇ ಇರಲಿ, ಒಂದೊಂದು ಜಾಗದ್ದು ಒಂದೊಂದು ಕುಳಿಗೆ ಹೋಗಬೇಕು. ಕೆಲಸ ಮುಗಿದಾಗ ಎಲ್ಲ ಕುಳಿಯೂ ಖಾಲಿ ಇರಬೇಕು. ಒಂದು ವಾಷರ್ ಉಳಿದಿದ್ದರೂ ಗಾಡಿ ಗೇಟು ದಾಟುವ ಹಾಗಿಲ್ಲ. ಈ ಕಟ್ಟಳೆ ಮಾಡಿದವನೂ ನಾನೇ, ಮುರಿದವನೂ ನಾನೇ. ಆ ಶುಕ್ರವಾರವನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ.

ನಾನು ಮೊದಲಿಂದ ಸಿಡುಕ. ಶಿಕಾರಿಪುರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಗಿರಾಕಿ ಬಂದು ‘ಎಷ್ಟು ದಿನ ಆಗ್ತದ್ರೀ?’ ಎಂದು ಕೇಳಿದರೆ ‘ಅಷ್ಟು ಅವಸರ ಇದ್ರೆ ಬೇರೆ ಕಡಿ ತಗೊಂಡ್ ಹೋಗ್ರಿ’ ಎನ್ನುವವನು. ಆದರೂ ಬರುತ್ತಾರೆ. ತಗಡಿನ ಕೆಲಸದಲ್ಲಿ ನನ್ನ ಕೈಯನ್ನು ನಂಬುತ್ತಾರೆ. ಆ ನಂಬಿಕೆಯಿಂದ ನನಗೆ ಜಂಬ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಹೀಗೇ ಒಂದು ದಿನ, ಹೈಸ್ಕೂಲಿನಿಂದ ನಿವೃತ್ತರಾದ ಮೇಷ್ಟ್ರೊಬ್ಬರು ನನ್ನನ್ನು ತಮ್ಮ ಮನೆಯ ಹಿತ್ತಲಿಗೆ ಕರೆದುಕೊಂಡು ಹೋದರು. ಹುಲ್ಲಿನ ಕೊಟ್ಟಿಗೆಯೊಳಗೆ ಒಂದು ಕಾಂಟೆಸ್ಸಾ ನಿಂತಿತ್ತು. ಉದ್ದ ಮೂತಿ, ಅಗಲ ಎದೆ. ಒಂದು ಕಾಲದಲ್ಲಿ ಈ ಕಾರು ಬೀದಿಗೆ ಬಂದರೆ ಜನ ಊಟ ಬಿಟ್ಟು ಎದ್ದು ನೋಡುತ್ತಿದ್ದರು. ಮೇಷ್ಟ್ರ ತಂದೆ ಕೊಂಡದ್ದಂತೆ. ಅವರು ತೀರಿಕೊಂಡ ಮೇಲೆ ಯಾರೂ ಮುಟ್ಟಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ವೈರುಗಳನ್ನೆಲ್ಲ ಇಲಿ ತಿಂದಿದ್ದವು. ನಾನು ಬಾಗಿಲು ಎಳೆದೆ, ತಳದ ತಗಡು ಪುಡಿಪುಡಿಯಾಗಿ ನನ್ನ ಕಾಲ ಮೇಲೆ ಬಿತ್ತು.

‘ನಮ್ಮವ್ವಗ ಇದರಾಗ ಇನ್ನೊಂದ್ಸಲ ಕುಂತು ತವರಿಗೆ ಹೋಗ್ಬೇಕಂತ ಆಸೆ. ಆಗ್ತದೇನ್ರಿ?’ ಎಂದರು ಮೇಷ್ಟ್ರು.

‘ಆಗ್ತದ, ಅವಸರ ಮಾಡಬಾರದು ಅಷ್ಟೇ’ ಎಂದೆ.

ಹದಿನಾಲ್ಕು ತಿಂಗಳು ಹಿಡಿಯಿತು. ಕೊಳೆತ ತಗಡನ್ನೆಲ್ಲ ಕತ್ತರಿಸಿ ಹೊಸದನ್ನು ಬೆಸೆದೆ. ಪುಟ್ಟಿ ಮೆತ್ತಿ ತಗ್ಗು ಮುಚ್ಚುವುದು ನನ್ನ ಜಾಯಮಾನವಲ್ಲ. ಸುತ್ತಿಗೆಯಲ್ಲೇ ತಟ್ಟಿ ತಟ್ಟಿ ತಗಡನ್ನು ಸಮಕ್ಕೆ ತಂದೆ. ಕಣ್ಣಿಗೆ ಕಾಣದ ತಗ್ಗು ಅಂಗೈಗೆ ಸಿಗುತ್ತದೆ. ನನ್ನ ಅಂಗೈಗೂ ಸಿಗದ್ದು ನನ್ನ ಹೆಂಡತಿಯ ಅಂಗೈಗೆ ಸಿಗುತ್ತಿತ್ತು. ಮಧ್ಯಾಹ್ನ ಬುತ್ತಿ ತಂದವಳು ಕಣ್ಣು ಮುಚ್ಚಿ ಬಾನೆಟ್ಟಿನ ಮೇಲೆ ಕೈಯಾಡಿಸಿ, ‘ಇಲ್ಲೆಂತದೋ ಇದೆ ನೋಡಿ’ ಎನ್ನುವಳು. ಅಕ್ಕಿಯಲ್ಲಿ ಕಲ್ಲು ಹುಡುಕಿದ ಕೈ ಅದು. ನಾನು ಗೊಣಗುತ್ತ ಮತ್ತೆ ಸುತ್ತಿಗೆ ಹಿಡಿಯುತ್ತಿದ್ದೆ. ಆಕೆ ಕುಪ್ಪಗಡ್ಡೆಯವಳು. ಸಿಟ್ಟು ಬಂದರೆ ನನ್ನ ದನಿ ಏರುತ್ತದೆ, ಆಕೆಯದು ಇಳಿಯುತ್ತದೆ. ನನಗೆ ಆ ಇಳಿದ ದನಿಯದೇ ಹೆದರಿಕೆ.

ಗಾಡಿ ಒಪ್ಪಿಸುವುದು ಶುಕ್ರವಾರ ಬೆಳಿಗ್ಗೆ ಎಂದಾಗಿತ್ತು. ಅವತ್ತು ಕೊನೆಯದಾಗಿ ಒಮ್ಮೆ ಅಡಿಗೆ ನುಸುಳಿ ನೋಡಿದರೆ, ಎಡಗಡೆ ಟೈ ರಾಡಿನ ತುದಿಯ ರಬ್ಬರು ಹರಿದಿತ್ತು. ಟೈ ರಾಡ್ ಎಂದರೆ ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಚಕ್ರವನ್ನು ಎಳೆಯುವ ಕಂಬಿ. ಅದರ ತುದಿಗೆ ಒಂದು ನಟ್ಟು ಇರುತ್ತದೆ. ನಟ್ಟು ಸಡಿಲಾಗದಂತೆ ಅಡ್ಡಕ್ಕೆ ಬೆಂಕಿಕಡ್ಡಿಯಷ್ಟು ಉದ್ದದ ಸ್ಪ್ಲಿಟ್ ಪಿನ್ ತೂರಿಸಿ ಅದರ ಕಾಲು ಮಡಚುತ್ತೇವೆ. ಪಿನ್ನಿಲ್ಲದಿದ್ದರೆ ನಟ್ಟು ಬಿಚ್ಚಿಕೊಳ್ಳುತ್ತದೆ. ನಟ್ಟು ಬಿದ್ದರೆ ಕಂಬಿ ಕಳಚುತ್ತದೆ. ಆಮೇಲೆ ಸ್ಟೇರಿಂಗ್ ನಿಮ್ಮ ಕೈಯಲ್ಲೇ ಇರುತ್ತದೆ, ಚಕ್ರ ಮಾತ್ರ ತನಗೆ ಬೇಕಾದ ಕಡೆ ಹೋಗುತ್ತದೆ.

ನಾನು ಪಿನ್ನು ತೆಗೆದೆ, ನಟ್ಟು ಬಿಚ್ಚಿದೆ, ಹೊಸ ರಬ್ಬರು ಹಾಕಿ ಕಂಬಿಯನ್ನು ಕೂರಿಸಿದೆ. ನಟ್ಟನ್ನು ಬೆರಳಲ್ಲಿ ನಾಲ್ಕು ಸುತ್ತು ತಿರುಗಿಸಿದ್ದೆನಷ್ಟೆ, ಮೇಷ್ಟ್ರ ತಾಯಿಯ ದನಿ ಕೇಳಿಸಿತು. ಎಂಬತ್ತು ದಾಟಿದ ಅಜ್ಜಿ, ಕೈಯಲ್ಲಿ ಹೂವಿನ ಬುಟ್ಟಿ.

‘ಏ ತಮ್ಮಾ, ಇನ್ನೂ ಕೆಳಗೇ ಮಲಗೀಯಲ್ಲೋ! ಹತ್ತೂವರಿಗೆ ರಾಹುಕಾಲ ಹತ್ತತದ. ಅಷ್ಟರಾಗ ಗಾಡಿ ಗೇಟು ದಾಟಬೇಕು. ಏಳು, ಕೈ ತೊಳ್ಕಾ.’

ಎದ್ದೆ. ಬೇರೆ ಯಾರಾದರೂ ಅವಸರ ಮಾಡಿದ್ದರೆ ಬೈದು ಕಳಿಸುತ್ತಿದ್ದೆ. ಅಜ್ಜಿಗೆ ಹೇಗೆ ಬಯ್ಯಲಿ? ಮಂಗಳಾರತಿ ಆದ ಮೇಲೆ ಬಿಗಿದರಾಯಿತು ಅಂದುಕೊಂಡೆ. ಮೇಜಿನ ಮೇಲಿನ ಎಣ್ಣೆಜಿಡ್ಡು ಪೂಜೆಗೆ ಬಂದವರ ಕಣ್ಣಿಗೆ ಬೀಳದಿರಲೆಂದು ಇಡ್ಲಿ ತಟ್ಟೆ ಸಮೇತ ಎಲ್ಲದರ ಮೇಲೆ ಒಂದು ಒಗೆದ ಬೆಡ್‌ಶೀಟ್ ಹೊದಿಸಿದೆ. ಕುಂಕುಮ ಹಚ್ಚಿದರು, ಕಾಯಿ ಒಡೆದರು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಅಜ್ಜಿ ನನ್ನ ಎರಡೂ ಕೈಗಳನ್ನು ಹಿಡಿದು, ‘ಈ ಕೈ ತಣ್ಣಗಿರಲಿ’ ಎಂದು ಒಂದೊಂದು ಸೇವಂತಿಗೆ ಇಟ್ಟರು. ಸುತ್ತ ನಿಂತವರು ಕಾರಿನ ಕೆಂಪು ಬಣ್ಣದಲ್ಲಿ ತಮ್ಮ ಮುಖ ನೋಡಿಕೊಂಡು ‘ಆಹಾ’ ಎನ್ನುತ್ತಿದ್ದರು. ನಾನು ಎದೆ ಉಬ್ಬಿಸಿ ನಿಂತಿದ್ದೆ. ನಿಂಬೆಹಣ್ಣು ಅಪ್ಪಚ್ಚಿಯಾದವು. ಗಾಡಿ ಗೇಟು ದಾಟಿತು. ಗಂಟೆ ಹತ್ತೂಕಾಲು.

ಹತ್ತೂ ಐವತ್ತಕ್ಕೆ ಬೆಡ್‌ಶೀಟ್ ತೆಗೆದೆ. ಮೂರನೇ ಕುಳಿಯಲ್ಲಿ ಪಿನ್ನು ಇತ್ತು.

ಕೈಕಾಲು ತಣ್ಣಗಾದವು. ಅಜ್ಜಿ ಕೈ ತಣ್ಣಗಿರಲಿ ಅಂದದ್ದು ನೆನಪಾಯಿತು. ಬೆರಳಲ್ಲಿ ನಾಲ್ಕು ಸುತ್ತು, ಅಷ್ಟೇ. ಸ್ಪ್ಯಾನರ್ ಹಾಕಿಯೇ ಇಲ್ಲ.

ಮೇಷ್ಟ್ರಿಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಗಾಡಿ ಓಡಿಸುವಾಗ ಅವರು ಫೋನ್ ಮುಟ್ಟುವುದಿಲ್ಲ, ಶಿಸ್ತಿನ ಮನುಷ್ಯ.

ಈಗ ಹೇಳುವುದನ್ನು ನಾನು ಬಹಳ ದಿನ ಯಾರಿಗೂ ಹೇಳಿರಲಿಲ್ಲ. ಅವರು ಎತ್ತದಿದ್ದದ್ದು ನನಗೆ ಹಾಯೆನಿಸಿತು. ಎತ್ತಿದ್ದರೆ ಏನು ಹೇಳಬೇಕಿತ್ತು? ಹದಿನಾಲ್ಕು ತಿಂಗಳು ಕೆಲಸ ಮಾಡಿ ನಟ್ಟು ಬಿಗಿಯಲು ಮರೆತೆ ಅನ್ನಬೇಕಿತ್ತು. ನಾಳೆ ಊರೆಲ್ಲ ಅದೇ ಮಾತು. ಒಂದೇ ಸಲ ಮಾಡಿ ಫೋನ್ ಕೆಳಗಿಟ್ಟೆ. ಕಂಬಿಯ ತುದಿ ಬಿಗಿಯಾಗಿ ಕಚ್ಚಿ ಕೂತಿದೆ, ನಟ್ಟಿಲ್ಲದಿದ್ದರೂ ಒಂದು ದಿನ ತಡೆದೀತು ಅಂದುಕೊಂಡೆ. ಮೇಷ್ಟ್ರು ಮೂವತ್ತರ ಮೇಲೆ ಓಡಿಸುವವರಲ್ಲ. ಸಂಜೆ ಬಂದ ಮೇಲೆ ‘ಸುಮ್ನೆ ಒಂದ್ಸಲ ನೋಡ್ತೀನಿ’ ಎಂದು ಅಡಿಗೆ ನುಸುಳಿ ಪಿನ್ನು ಹಾಕಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಚಹಾ ತರಿಸಿ ಕುಡಿದೆ. ನೆಲ ಗುಡಿಸಿದೆ. ಒಂದು ಆಟೋದ ಮಡ್‌ಗಾರ್ಡಿಗೆ ಪ್ರೈಮರ್ ಹೊಡೆಯಲು ಹೋದೆ, ಬಣ್ಣ ದಪ್ಪಗಾಗಿ ಇಳಿಯಿತು. ಒರೆಸಿ ಮತ್ತೆ ಹೊಡೆದೆ, ಮತ್ತೆ ಇಳಿಯಿತು.

ಮನೆಯ ಕಡೆ ಹೊರಟೆ. ಹೆಂಡತಿ ಮಧ್ಯಾಹ್ನದ ಬಸ್ಸಿಗೆ ತವರಿಗೆ ಹೋಗುವವಳಿದ್ದಳು, ಬಸ್ ಸ್ಟ್ಯಾಂಡಿಗೆ ಬಿಟ್ಟು ಬರೋಣ ಎಂದುಕೊಂಡಿದ್ದೆ. ಬಾಗಿಲಿಗೆ ಬೀಗ. ಫೋನ್ ಮಾಡಿದೆ. ಒಳಗಡೆ, ಅಡುಗೆಮನೆಯಲ್ಲಿ, ಆಕೆಯ ಫೋನ್ ರಿಂಗಾಯಿತು. ಪಕ್ಕದ ಮನೆಯಾಕೆ ಕಾಂಪೌಂಡಿನಿಂದ ತಲೆ ಹಾಕಿದರು.

‘ಚಾರ್ಜಿಗೆ ಹಾಕಿದ್ದು ಅಲ್ಲೇ ಬಿಟ್ಟು ಹೋಗ್ಯಾಳ ನೋಡ್ರಿ. ಮೇಷ್ಟ್ರ ಕಾರಿನ್ಯಾಗ ಹೋದ್ಲು. ಆ ಅಜ್ಜಿ ಇಲ್ಲೇ ನಿಲ್ಲಿಸಿ, ನಿಮ್ಮನಿಯವರ ಕೈಯಾಗಿನ ಗಾಡಿ, ನೀನು ಹತ್ತದಿದ್ರ ಹೆಂಗವ್ವಾ ಅಂತ ಕೈ ಹಿಡ್ದು ಹತ್ತಿಸ್ಕೊಂಡ್ರು. ತೊಗರ್ಸ್ಯಾಗ ಹಣ್ಣುಕಾಯಿ ಮಾಡಿಸ್ಕೊಂಡು, ಅಜ್ಜಿ ತವರಿಗೆ ಹೋಗೋ ದಾರ್ಯಾಗ ಇವಳನ್ನ ಆನವಟ್ಟಿ ಮ್ಯಾಲೆ ಕುಪ್ಪಗಡ್ಡಿಗೆ ಬಿಡ್ತಾರಂತ.’

ಆಕೆ ಇನ್ನೂ ಏನೋ ಹೇಳುತ್ತಿದ್ದರು, ನನಗೆ ಕೇಳಿಸಲಿಲ್ಲ. ಗ್ಯಾರೇಜಿಗೆ ಓಡಿದೆ. ಪಿನ್ನನ್ನು ಅಂಗಿಯ ಜೇಬಿಗೆ, ಸ್ಪ್ಯಾನರ್ ಪಕ್ಕಡ್‌ಗಳನ್ನು ಬೈಕಿನ ಚೀಲಕ್ಕೆ ಹಾಕಿಕೊಂಡು ಹೊರಟೆ. ಮೇಷ್ಟ್ರಿಗೆ ಫೋನ್ ಮಾಡುತ್ತಲೇ ಇದ್ದೆ. ಒಂದು ಕೈ ಹ್ಯಾಂಡಲ್ಲಿಗೆ, ಇನ್ನೊಂದು ಕೈ ಫೋನಿಗೆ. ಎತ್ರೀ ಮಾರಾಯ್ರೇ, ಎತ್ರೀ ಎಂದು ರಸ್ತೆಯಲ್ಲಿ ಒಬ್ಬನೇ ಕೂಗುತ್ತಿದ್ದೆ. ಸಾಯಲಿ ಈ ಶಿಸ್ತು ಎಂದು ಬೈದೆ.

ತೊಗರ್ಸಿಗೆ ಹೋಗುವ ಶಿರಾಳಕೊಪ್ಪದ ರಸ್ತೆಯಲ್ಲಿ ನಾನು ಎಷ್ಟು ಸಲ ಓಡಾಡಿದ್ದೇನೋ. ಅವತ್ತು ಆ ರಸ್ತೆಯಲ್ಲಿ ಇಷ್ಟೊಂದು ತಿರುವುಗಳಿವೆ ಎಂದು ತಿಳಿಯಿತು. ಪ್ರತಿ ತಿರುವಿನಲ್ಲೂ ಮೊದಲು ಪಕ್ಕದ ಕಾಲುವೆ ನೋಡುತ್ತಿದ್ದೆ, ಆಮೇಲೆ ರಸ್ತೆ. ಎದುರಿಂದ ಲಾರಿ ಬಂದಾಗಲೆಲ್ಲ ಅದರ ಬಂಪರ್ ನೋಡುತ್ತಿದ್ದೆ, ಕೆಂಪು ಬಣ್ಣ ಮೆತ್ತಿದೆಯೇ ಎಂದು. ಹದಿನಾಲ್ಕು ತಿಂಗಳು ನಾನೇ ಕೂಡಿಸಿದ ತಗಡು ಹೇಗೆ ಮಡಚಿಕೊಳ್ಳುತ್ತದೆ, ಎಲ್ಲಿಂದ ಹರಿಯುತ್ತದೆ, ಹಿಂದಿನ ಸೀಟಿನ ಎಡಗಡೆ ಕೂತವರಿಗೆ ಏನಾಗುತ್ತದೆ, ಎಲ್ಲವೂ ನನಗೆ ಗೊತ್ತಿತ್ತು. ಗೊತ್ತಿಲ್ಲದವನಿಗೆ ಇಷ್ಟು ಭಯ ಆಗಲಾರದು.

ಒಂದು ಕೆರೆ ಏರಿಯ ಮೇಲೆ ಜನ ಗುಂಪುಗೂಡಿದ್ದರು. ಎಲ್ಲರೂ ನೀರಿನ ಕಡೆಗೇ ಬಗ್ಗಿ ನೋಡುತ್ತಿದ್ದರು. ಬೈಕಿಗೆ ಸ್ಟ್ಯಾಂಡ್ ಕೂಡ ಹಾಕದೆ ಕೆಡವಿ ಓಡಿದೆ, ಜನರನ್ನು ನೂಕಿ ಮುಂದೆ ಹೋದೆ. ಕೆಳಗೆ ಬಲೆ ಎಳೆದು ಮೀನು ತೂಗುತ್ತಿದ್ದರು. ‘ಸಾಲಾಗ್ ಬರ್ರಿ’ ಎಂದು ಒಬ್ಬ ಗದರಿದ. ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

ಶಿರಾಳಕೊಪ್ಪದ ಸರ್ಕಲ್ಲಿನಲ್ಲಿ ಬಾಳೆಹಣ್ಣಿನ ಗಾಡಿಯವನನ್ನು ಕೇಳಿದೆ. ‘ಹೋತಲ್ರೀ ತೊಗರ್ಸಿ ಕಡಿಗೆ! ಏನ್ ಗಾಡ್ರಿ ಅದು, ಮದುಮಗ ಇದ್ದಂಗ ಐತಿ. ಫೋಟೋ ಹೊಡ್ಕಂಡ್ವಿ’ ಎಂದ.

ತೊಗರ್ಸಿಯ ಗುಡಿಯ ಮುಂದೆ ಕಾರು ನಿಂತಿತ್ತು, ನೆಟ್ಟಗೆ, ಹೂವಿನ ಹಾರ ಸಮೇತ. ಒಳಗೆ ಯಾರೂ ಇರಲಿಲ್ಲ. ಗುಡಿಯೊಳಗೆ ಗಂಟೆ ಬಾರಿಸುತ್ತಿತ್ತು. ನಾನು ಪೂಜೆಯ ಬಿಳಿ ಅಂಗಿಯಲ್ಲೇ ಮಣ್ಣಿನಲ್ಲಿ ಅಂಗಾತ ಮಲಗಿ ಅಡಿಗೆ ಜಾರಿದೆ. ನಟ್ಟು ಕೊನೆಯ ಸುತ್ತಿನಲ್ಲಿ ನಿಂತಿತ್ತು. ಬೆರಳು ತಾಗಿಸಿದೆ. ತಿರುಗಿಸಲೇ ಇಲ್ಲ, ಕಳಚಿ ಅಂಗೈಗೆ ಬಂತು.

ನಾನು ಅಲ್ಲೇ ಮಲಗಿ ಅತ್ತೆ. ಆಮೇಲೆ ನಟ್ಟು ಹಾಕಿ, ಸ್ಪ್ಯಾನರಿನಿಂದ ಬಿಗಿದು, ಪಿನ್ನು ತೂರಿಸಲು ಹೋದರೆ ಎರಡು ಸಲ ಮಣ್ಣಿಗೆ ಬಿತ್ತು. ಮೂರನೇ ಸಲ ಹೋಯಿತು. ಕಾಲು ಮಡಚಿದೆ. ಎಳೆದು ನೋಡಿದೆ. ಇನ್ನೊಂದು ಸಲ ಎಳೆದು ನೋಡಿದೆ.

ಹೊರಗೆ ಬಂದಾಗ ಮೂವರೂ ಎದುರಿಗೇ ಇದ್ದರು. ಮೇಷ್ಟ್ರು ನಕ್ಕರು. ‘ಏನ್ರೀ ಇದು! ಮಗಳನ್ನ ಗಂಡನ ಮನಿಗೆ ಕಳಿಸಿ ಹಿಂದಿಂದನೇ ಬಂದಂಗಾತಲ್ಲ!’

‘ಒಂದ್ಸಲ ನೋಡಿ ಹೋಗಾಣ ಅಂತ ಬಂದೆ’ ಎಂದೆ.

‘ಹಿಂಗಿರ್ಬೇಕು ನೋಡವ್ವಾ, ಕೆಲಸದ ಮ್ಯಾಲಿನ ನಿಷ್ಠೆ!’ ಎಂದು ಮೇಷ್ಟ್ರು ತಾಯಿಗೆ ಹೇಳಿದರು. ಅಜ್ಜಿ ನನ್ನ ಜಿಡ್ಡು ಅಂಗೈಗೆ ಕೊಬ್ಬರಿ ಚೂರು ಹಾಕಿದರು. ಮೇಷ್ಟ್ರು ಕಾರಿನಲ್ಲೇ ಬಿಟ್ಟಿದ್ದ ಫೋನ್ ತೆಗೆದು, ಕನ್ನಡಕ ಸಿಗದೆ ನನ್ನ ಹೆಂಡತಿಯ ಕೈಗೆ ಕೊಟ್ಟರು. ‘ಯಾರವ್ವಾ ಇಷ್ಟು ಸಲ ಮಾಡ್ಯಾರ, ನೋಡು.’

ಆಕೆ ಬೆರಳು ಸರಿಸಿ ಸರಿಸಿ ನೋಡಿದಳು. ‘ಇವರೇ ಸರ್’ ಎಂದು ವಾಪಸು ಕೊಟ್ಟಳು. ನನ್ನ ಅಂಗಿಯ ಮಣ್ಣು ನೋಡಿದಳು, ಕಣ್ಣು ನೋಡಿದಳು. ‘ಅಜ್ಜಿ, ನಾನು ಇವರ ಬೈಕಲ್ಲೇ ಬರ್ತೇನೆ, ನೀವು ಹೊರಡಿ’ ಎಂದಳು.

ಕಾರು ಆನವಟ್ಟಿಯ ದಾರಿ ಹಿಡಿಯಿತು. ನಾವು ಹಿಂದೆ ಹೊರಟೆವು. ಊರು ದಾಟಿದ ಮೇಲೆ ಆಕೆ ‘ಎಂತ ಆಗಿತ್ತು?’ ಎಂದಳು. ಹೇಳಿದೆ. ಪಿನ್ನು, ನಟ್ಟು, ಅಂಗೈಗೆ ಬಂದದ್ದು, ಎಲ್ಲ. ‘ನೀನು ಅದ್ರಾಗ ಅದೀ ಅಂತ ಗೊತ್ತಾದಾಗ ಹುಚ್ಚೇ ಹಿಡೀತು ನಂಗೆ’ ಎಂದೆ. ಹೆಗಲ ಮೇಲೆ ಕೈ ಇಡುತ್ತಾಳೆ ಅಂದುಕೊಂಡಿದ್ದೆ.

‘ಹತ್ತೂ ಐವತ್ತಕ್ಕೆ ಒಂದು ಸಲ ಫೋನ್ ಮಾಡಿದ್ರಿ. ಆಮೇಲೆ ಹನ್ನೊಂದೂವರೆಯಿಂದ ಹದಿನಾಲ್ಕು ಸಲ. ನಡುವೆ ನಲವತ್ತು ನಿಮಿಷ ಎಂತ ಮಾಡ್ತಿದ್ರಿ?’

ನಾನು ಮುಂದಿನ ಕಾರನ್ನೇ ನೋಡುತ್ತ ಬೈಕ್ ಓಡಿಸಿದೆ.

‘ಆ ನಲವತ್ತು ನಿಮಿಷನೂ ಅಜ್ಜಿ ಕಾರಲ್ಲೇ ಇದ್ರಲ’ ಎಂದಳು. ದನಿ ಬಹಳ ಇಳಿದಿತ್ತು.

ನಾನು ಹಾರ್ನ್ ಒತ್ತಿದೆ. ಮುಂದೆ ಹೋಗುತ್ತಿದ್ದ ಮೇಷ್ಟ್ರು ದಾರಿ ಬಿಟ್ಟುಕೊಟ್ಟು, ಕೈ ಹೊರಗೆ ಚಾಚಿ ಹೋಗಿ ಹೋಗಿ ಎಂದು ಖುಷಿಯಿಂದ ಬೀಸಿದರು. ಬಿಡದೆ ಒತ್ತಿದೆ. ಕೊನೆಗೆ ಕಾರು ಒಂದು ಹುಣಸೆಮರದ ಕೆಳಗೆ ನಿಂತಿತು. ಬೈಕಿನಿಂದ ಇಳಿದು ಕಾರಿನ ಹತ್ತಿರ ಹೋದೆ. ಹುಡುಕಿಕೊಂಡು ಬಂದ ದಾರಿಯಲ್ಲೂ ನನಗೆ ಇಷ್ಟು ಹೆದರಿಕೆ ಆಗಿರಲಿಲ್ಲ. ಮೇಷ್ಟ್ರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಪಕ್ಕದಲ್ಲಿ ಅಜ್ಜಿ ಮಡಿಲಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.

‘ಮೇಷ್ಟ್ರೇ, ನಾನು ಎಡಗಡಿ ನಟ್ಟು ಬಿಗಿದಿರ್ಲಿಲ್ಲ. ಈಗ ಬಿಗಿದೀನಿ’ ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಹೆಂಡತಿ ಬೈಕಿನ ಪಕ್ಕ ನಿಂತೇ ಇದ್ದಳು.

‘ಹತ್ತೂ ಐವತ್ತಕ್ಕೇ ನಂಗೆ ಗೊತ್ತಿತ್ತು ಮೇಷ್ಟ್ರೇ. ಗೊತ್ತಿದ್ದೂ ಚಹಾ ಕುಡ್ಕೊಂಡು ಕುಂತಿದ್ದೆ.’